ಕುದುರೆ ಏಕೆ ಕುಂಟುತ್ತಿದೆ?

1972ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ಡಾನ್‌ಕಾಸ್ಟರ್ ಹರಾಜಿನಲ್ಲಿ ರೆಡ್ ರಮ್ ಎಂಬ ಏಳು ವರ್ಷದ ಕುದುರೆ ಆರು ಸಾವಿರ ಗಿನಿಗೆ ಮಾರಾಟವಾಯಿತು. ಕೊಂಡವರು ಸೌತ್‌ಪೋರ್ಟ್ ಎಂಬ ಕಡಲತೀರದ ಊರಿನ ಜಿಂಜರ್ ಮ್ಯಾಕೇನ್. ಕಾರು ಮಾರುವ ಮಳಿಗೆಯ ಹಿಂಬದಿಯಲ್ಲಿ ಲಾಯ ಇಟ್ಟುಕೊಂಡು ಕುದುರೆಗಳನ್ನು ಪಳಗಿಸುತ್ತಿದ್ದವರು ಅವರು. ಹಣ ಹಾಕಿದವರು ಎಂಬತ್ತು ದಾಟಿದ್ದ ನೋಯಲ್ ಲೆ ಮೇರ್. ತಮ್ಮದೊಂದು ಕುದುರೆ ಗ್ರ್ಯಾಂಡ್ ನ್ಯಾಷನಲ್ ಪಂದ್ಯ ಗೆಲ್ಲುವುದನ್ನು ಕಣ್ಣಾರೆ ನೋಡಬೇಕೆಂಬುದು ಆ ವೃದ್ಧರ ಹಂಬಲ. ಕುದುರೆ ಹೊಸ ಲಾಯಕ್ಕೆ ಬಂತು. ಕಡಲದಂಡೆಯ ಮರಳಿನ ಮೇಲೆ ಮೊದಲ ಸಲ ಓಡಿಸಿ ನೋಡಿದರೆ ಅದು ಕುಂಟುತ್ತಿತ್ತು!

ರೆಡ್ ರಮ್ ಮುಂದೇನಾಯಿತೆಂಬುದನ್ನು ಆಮೇಲೆ ನೋಡೋಣ. ಕುದುರೆ ಸಾಕಿದ ಯಾರಿಗೂ ಇಂಥ ಗಳಿಗೆ ಹೊಸದಲ್ಲ. ನಿನ್ನೆ ಸಂಜೆ ಸರಿಯಾಗಿದ್ದ ಪ್ರಾಣಿ ಇಂದು ಬೆಳಿಗ್ಗೆ ಲಾಯದಿಂದ ಹೊರಬರುವಾಗ ತಲೆ ಎತ್ತಿ ಎತ್ತಿ ಹೆಜ್ಜೆ ಹಾಕುತ್ತದೆ. ಗಾಯವಿಲ್ಲ, ಊತವಿಲ್ಲ, ರಕ್ತವಿಲ್ಲ. ಮೈಸೂರಿನ ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಟಾಂಗಾದವನಿಗಾಗಲಿ, ದಸರಾ ಮೆರವಣಿಗೆಗೆ ತಾಲೀಮು ನಡೆಸುವ ಅಶ್ವಾರೋಹಿ ಪೊಲೀಸರಿಗಾಗಲಿ, ಸವಾರಿ ಕಲಿಯಲು ಹೊರಟ ಶಾಲಾ ಬಾಲಕಿಗಾಗಲಿ ಆತಂಕ ಒಂದೇ. ಟಾಂಗಾದವನ ಪಾಲಿಗಂತೂ ಅಂದಿನ ಸಂಪಾದನೆಯೇ ನಿಂತುಹೋಗುತ್ತದೆ. ಹುಲ್ಲು, ಹುರುಳಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ವೈದ್ಯರು ಬರುವುದು ನಾಳೆ, ಎಕ್ಸ್‌ರೇ ತೆಗೆಯುವುದು ಮುಂದಿನ ವಾರ, ಉತ್ತರ ಸಿಗುವುದು ಇನ್ನೂ ಆಮೇಲೆ. ನಡುವಿನ ಈ ದಿನಗಳನ್ನು ಕಳೆಯುವುದು ಹೇಗೆ? ಸುಮ್ಮನೆ ಕೈಕಟ್ಟಿ ಕೂರುವ ಕಾಲ ಇದೆಂದು ತಿಳಿದರೆ ತಪ್ಪು. ರೋಗ ಪತ್ತೆಯಾಗುವುದೂ ಆಗದಿರುವುದೂ ಎಷ್ಟೋ ಸಲ ಈ ದಿನಗಳಲ್ಲಿ ಮಾಲೀಕ ಏನು ಮಾಡಿದ, ಏನು ಮಾಡದೆ ಬಿಟ್ಟ ಎಂಬುದರ ಮೇಲೆಯೇ ನಿಂತಿರುತ್ತದೆ.

ಒಂದು ಬೆರಳಿನ ಮೇಲೆ ನಿಂತ ಪ್ರಾಣಿ

ಕುಂಟು ಒಂದು ರೋಗವಲ್ಲ. ಜ್ವರದ ಹಾಗೆ ಅದೊಂದು ಲಕ್ಷಣ. ಜ್ವರಕ್ಕೆ ನೂರು ಕಾರಣಗಳಿರುವಂತೆ ಕುಂಟಿಗೂ ನೂರು ಕಾರಣಗಳು. ಅವು ಎಲ್ಲೆಲ್ಲಿ ಅಡಗಿರಬಹುದೆಂಬುದು ತಿಳಿಯಬೇಕಾದರೆ ಕುದುರೆಯ ಕಾಲಿನ ರಚನೆಯನ್ನು ಸ್ವಲ್ಪ ಗಮನಿಸಬೇಕು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಅಂಗೈಯನ್ನು ಮೇಜಿನ ಮೇಲೆ ಊರಿ, ನಿಧಾನವಾಗಿ ಬೆರಳ ತುದಿಗಳ ಮೇಲೆ ಭಾರ ಬಿಡಿ. ಈಗ ಉಳಿದ ಬೆರಳುಗಳನ್ನು ಮಡಚಿ ನಡುಬೆರಳೊಂದನ್ನೇ ಊರಿ ನೋಡಿ. ಕುದುರೆ ಹುಟ್ಟಿನಿಂದ ಸಾವಿನವರೆಗೆ ನಿಲ್ಲುವುದೇ ಹೀಗೆ! ಅದರ ಗೊರಸು ಎಂದರೆ ನಮ್ಮ ನಡುಬೆರಳಿನ ಉಗುರು. ಮುಂಗಾಲಿನಲ್ಲಿ ನಾವು ಮೊಣಕಾಲು ಎಂದು ಕರೆಯುವ ಕೀಲು ನಿಜಕ್ಕೂ ಅದರ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಗೆಣ್ಣು ನಮ್ಮ ಹಿಮ್ಮಡಿಗೆ ಸಮಾನ. ಈ ಮಣಿಕಟ್ಟಿನಿಂದ ಕೆಳಗೆ ಮಾಂಸಖಂಡವೇ ಇಲ್ಲ ಎನ್ನಬಹುದು. ಮೂಳೆ, ಅದರ ಹಿಂದೆ ಹಗ್ಗದಂತೆ ಬಿಗಿದ ಸ್ನಾಯುರಜ್ಜುಗಳು, ಮೇಲೆ ಚರ್ಮ, ಇಷ್ಟೇ.

ಸಾಧಾರಣ ಸವಾರಿ ಕುದುರೆಯ ತೂಕ 450ರಿಂದ 500 ಕಿಲೋ. ನಿಂತಾಗ ಈ ಭಾರದ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ನಾಗಾಲೋಟದಲ್ಲಿ ಒಂದು ಕ್ಷಣ ಒಂದೇ ಮುಂಗಾಲು ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲವನ್ನು, ಅಂದರೆ ಒಂದು ಟನ್ನಿಗೂ ಮಿಕ್ಕ ಭಾರವನ್ನು ತಡೆದುಕೊಳ್ಳಬೇಕು. ಮುಂಗಾಲಿನ ಕುಂಟುಗಳಲ್ಲಿ ಬಹುಪಾಲು ಗೊರಸಿನಲ್ಲಿ ಅಥವಾ ಅದರ ಆಸುಪಾಸಿನಲ್ಲೇ ಹುಟ್ಟುವುದು ಆಶ್ಚರ್ಯವಲ್ಲ. ಮಾಲೀಕ ಭುಜವನ್ನು ತೋರಿಸಿ ‘ಇಲ್ಲೇ ನೋವಿರಬೇಕು’ ಎನ್ನುತ್ತಿದ್ದರೂ ಅನುಭವೀ ವೈದ್ಯ ಮೊದಲು ಬಗ್ಗಿ ಗೊರಸನ್ನೇ ಎತ್ತಿ ನೋಡುವುದು ಇದಕ್ಕಾಗಿ.

ಯಾವ ಕಾಲು?

ಕುಂಟುವ ಕಾಲನ್ನು ಗುರುತಿಸುವುದು ಸುಲಭವೆಂದು ದೂರದಿಂದ ನೋಡುವವರಿಗೆ ತೋರುತ್ತದೆ. ಆದರೆ ತಪ್ಪು ಕಾಲನ್ನು ತೋರಿಸುವವರೇ ಹೆಚ್ಚು. ಕುದುರೆಯ ತಲೆ ಮತ್ತು ಕುತ್ತಿಗೆ ದೇಹದ ತೂಕದ ಹತ್ತನೆಯ ಒಂದು ಭಾಗದಷ್ಟಿರುತ್ತವೆ. ನೋಯುವ ಮುಂಗಾಲು ನೆಲ ಮುಟ್ಟುವಾಗ ಕುದುರೆ ತಲೆಯನ್ನು ಮೇಲಕ್ಕೆತ್ತಿ ಆ ಕಾಲಿನ ಭಾರವನ್ನು ತಗ್ಗಿಸಿಕೊಳ್ಳುತ್ತದೆ. ಸರಿಯಾದ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ತಲೆ ಬಾಗಿದ ಕಡೆಯ ಕಾಲೇ ಕುಂಟು ಎಂದುಕೊಂಡವರು ಒಳ್ಳೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಕೂರುತ್ತಾರೆ. ಹಿಂಗಾಲಿನ ನೋವಿಗೆ ತಲೆಯ ಬದಲು ಸೊಂಟದ ಏರಿಳಿತವನ್ನು ನೋಡಬೇಕು.

ಇದನ್ನು ನೋಡಲು ನಿಧಾನ ನಡಿಗೆಯೂ ಆಗದು, ನಾಗಾಲೋಟವೂ ಆಗದು. ಇವೆರಡರ ನಡುವಿನ ಟ್ರಾಟ್ ಓಟವೇ ಬೇಕು. ಆ ಓಟದಲ್ಲಿ ಮುಂದಿನ ಎಡಗಾಲಿನೊಡನೆ ಹಿಂದಿನ ಬಲಗಾಲು, ಮುಂದಿನ ಬಲಗಾಲಿನೊಡನೆ ಹಿಂದಿನ ಎಡಗಾಲು ಜೋಡಿಯಾಗಿ ಊರುವುದರಿಂದ ತಾಳ ‘ಟಕ್-ಟಕ್’ ಎಂದು ಸಮನಾಗಿರುತ್ತದೆ. ತಾಳ ತಪ್ಪಿದರೆ ಗಟ್ಟಿ ನೆಲದ ಮೇಲೆ ಕಿವಿಗೇ ಗೊತ್ತಾಗುತ್ತದೆ. ನೋಯುವ ಕಾಲಿನ ಸದ್ದು ಮೆತ್ತಗೆ, ಸರಿಯಿರುವ ಕಾಲಿನ ಸದ್ದು ಜೋರು.

ಮನುಷ್ಯನ ಕಣ್ಣು ಇಲ್ಲಿ ಅಷ್ಟೇನೂ ನಂಬಿಕೆಗೆ ಅರ್ಹವಲ್ಲ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಟ್ಟಿರುತ್ತವೆಯೇ ಇಲ್ಲವೇ ಎಂಬ ವಾದ ತೀರಿದ್ದೇ 1878ರಲ್ಲಿ, ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮೆರಾಗಳನ್ನು ಸಾಲಾಗಿಟ್ಟು ಚಿತ್ರ ತೆಗೆದ ಮೇಲೆ. ಅಲ್ಲಿಯವರೆಗೆ ಚಿತ್ರಕಾರರು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಹಾರುವ ಕುದುರೆಗಳನ್ನು ಬರೆಯುತ್ತಲೇ ಇದ್ದರು! ತಜ್ಞರ ಕಣ್ಣೂ ಇದಕ್ಕೆ ಹೊರತಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕುಂಟು ಎದ್ದು ಕಾಣುವಂತಿದ್ದಾಗ ಅನುಭವೀ ಪಶುವೈದ್ಯರಲ್ಲಿ ಶೇಕಡಾ 93ರಷ್ಟು ಸಹಮತವಿತ್ತು. ಕುಂಟು ಸೌಮ್ಯವಾಗಿದ್ದಾಗ ಅದು ಸುಮಾರು 62ಕ್ಕೆ ಇಳಿಯಿತು. ಆದ್ದರಿಂದ ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಇಬ್ಬರೂ ಅಜ್ಞಾನಿಗಳೆಂದು ತೀರ್ಮಾನಿಸಬೇಕಾಗಿಲ್ಲ. ಈಗ ತಲೆಗೂ ಸೊಂಟಕ್ಕೂ ಪುಟ್ಟ ಸಂವೇದಕಗಳನ್ನು ಅಂಟಿಸಿ ಏರಿಳಿತವನ್ನು ಅಳೆಯುವ ಉಪಕರಣಗಳಿವೆ. ಅವಿಲ್ಲದವರಿಗೆ ಮೊಬೈಲ್ ಫೋನಿನಲ್ಲಿ ತೆಗೆದ ನಿಧಾನಗತಿಯ ವಿಡಿಯೊ ಕೂಡ ಒಳ್ಳೆಯ ಸಾಕ್ಷಿಯೇ.

ಕುದುರೆಯ ಉಗುರುಸುತ್ತು

ಇದ್ದಕ್ಕಿದ್ದಂತೆ ಕುದುರೆ ಕಾಲೂರಲಾರದಷ್ಟು ಕುಂಟಿದರೆ ಮಾಲೀಕನ ಮನಸ್ಸು ನೇರವಾಗಿ ಮೂಳೆ ಮುರಿತಕ್ಕೆ ಹಾರುತ್ತದೆ. ಆದರೆ ಇಂಥ ಹಠಾತ್ ಕುಂಟಿಗೆ ಅತಿ ಸಾಮಾನ್ಯ ಕಾರಣ ಗೊರಸಿನೊಳಗೆ ಕಟ್ಟಿದ ಕೀವು. ಉಗುರುಸುತ್ತು ಆದವರಿಗೆ ಆ ನೋವು ಗೊತ್ತು. ಉಗುರು ಹಿಗ್ಗುವುದಿಲ್ಲ, ಒಳಗಿನ ಕೀವು ಹೆಚ್ಚುತ್ತಲೇ ಹೋಗುತ್ತದೆ, ಒತ್ತಡವೆಲ್ಲ ನರಗಳ ಮೇಲೆ. ಕುದುರೆಗೆ ಆ ಉಗುರಿನ ಮೇಲೆಯೇ ನಿಲ್ಲುವ ಪಾಡು! ವೈದ್ಯರು ಇಕ್ಕಳದಂಥ ಉಪಕರಣದಿಂದ ಗೊರಸನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಹೋಗುತ್ತಾರೆ. ನೋಯುವ ಜಾಗ ಬಂದೊಡನೆ ಕುದುರೆ ಕಾಲು ಕಿತ್ತುಕೊಳ್ಳುತ್ತದೆ. ಅಲ್ಲಿ ಸಣ್ಣ ರಂಧ್ರ ಕೊರೆದು ಕೀವಿಗೆ ದಾರಿ ಮಾಡಿಕೊಟ್ಟರೆ, ಸಾವು ಬದುಕಿನ ಪ್ರಶ್ನೆಯಂತೆ ತೋರಿದ್ದ ಕುಂಟು ಒಂದೆರಡು ದಿನದಲ್ಲಿ ಇಳಿಯುವುದುಂಟು. ಕೆಲವೊಮ್ಮೆ ಮೊದಲ ದಿನ ಜಾಗ ಸಿಗುವುದೇ ಇಲ್ಲ. ಬಿಸಿನೀರಿನ ಶಾಖ, ಪೋಲ್ಟೀಸಿನ ಕಟ್ಟು ಹಾಕಿ ಕೀವು ಹಣ್ಣಾಗುವವರೆಗೆ ಕಾಯಬೇಕಾಗುತ್ತದೆ.

ಲಾಳ ಕಟ್ಟಿದ ನಾಲ್ಕಾರು ದಿನಗಳಲ್ಲಿ ಕುಂಟು ಕಂಡರೆ ಮೊಳೆ ಒಳಗಿನ ಜೀವಂತ ಭಾಗಕ್ಕೆ ತಾಗಿರಬಹುದೆಂಬ ಅನುಮಾನ ಸಹಜ. ಲಾಳ ಕಟ್ಟುವವರನ್ನು ಕರೆಸಿ ಕೇಳಬೇಕು, ಜಗಳವಾಡಲಿಕ್ಕಲ್ಲ. ಯಾವ ಮೊಳೆ ಹೊಡೆಯುವಾಗ ಕುದುರೆ ಬೆಚ್ಚಿತ್ತು ಎಂಬುದು ಅವರಿಗಲ್ಲದೆ ಬೇರೆಯವರಿಗೆ ತಿಳಿಯದು. ಬೀದಿಯ ಮೊಳೆ ಅಂಗಾಲಿಗೆ ನಾಟಿಕೊಂಡಿದ್ದರೆ ಅವಸರದಿಂದ ಕಿತ್ತೆಸೆಯದೆ ಕೂಡಲೇ ವೈದ್ಯರಿಗೆ ಹೇಳುವುದು ಉತ್ತಮ. ಮೊಳೆ ಇದ್ದಾಗಲೇ ಎಕ್ಸ್‌ರೇ ತೆಗೆದರೆ ಅದು ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆಯೆಂದು ಸ್ಪಷ್ಟವಾಗುತ್ತದೆ. ಕಾಲೂರಿದರೆ ಇನ್ನೂ ಒಳಗೆ ಹೋಗುವಂತಿದ್ದು ಕೀಳಲೇಬೇಕಾದರೆ, ಆ ಜಾಗವನ್ನು ಗುರುತು ಮಾಡಿ, ಮೊಳೆಯನ್ನು ಎತ್ತಿಟ್ಟುಕೊಂಡಿರಬೇಕು. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಅದರ ಚುಚ್ಚುಮದ್ದನ್ನು ಮರೆಯುವಂತಿಲ್ಲ.

ಕೆಳಗಿನಿಂದ ಮೇಲಕ್ಕೆ ಶೋಧ

ಗೊರಸಿನಲ್ಲಿ ಏನೂ ಸಿಗದಿದ್ದರೆ? ಇಲ್ಲಿಂದ ಮುಂದಿನ ಶೋಧ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಕುದುರೆಯನ್ನು ‘ಎಲ್ಲಿ ನೋವು?’ ಎಂದು ಕೇಳುವಂತಿಲ್ಲ. ಆದರೆ ಕಾಲಿನ ಒಂದೊಂದು ಭಾಗವನ್ನೂ ಮರಗಟ್ಟಿಸಿ ‘ಈಗ ನೋವು ಹೋಯಿತೇ?’ ಎಂದು ಪರೀಕ್ಷಿಸಬಹುದು. ದಂತವೈದ್ಯರು ಹಲ್ಲು ಕೀಳುವ ಮೊದಲು ಕೊಡುವಂಥ ಚುಚ್ಚುಮದ್ದನ್ನು ಕಾಲಿನ ನರದ ಬಳಿ ಕೊಡುತ್ತಾರೆ. ಐದು ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸುತ್ತಾರೆ. ಕುಂಟು ಮಾಯವಾದರೆ ನೋವು ಆ ಮರಗಟ್ಟಿದ ಭಾಗದಲ್ಲೇ ಇದೆ ಎಂದರ್ಥ. ಮಾಯವಾಗದಿದ್ದರೆ ಸ್ವಲ್ಪ ಮೇಲಿನ ನರಕ್ಕೆ ಇನ್ನೊಂದು ಚುಚ್ಚುಮದ್ದು.

ಈ ಕೆಲಸವನ್ನು ಯಾವಾಗಲೂ ಕೆಳಗಿನಿಂದಲೇ ಏಕೆ ಆರಂಭಿಸುತ್ತಾರೆ? ನರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲೇ ಮೇಲೆ ಮರಗಟ್ಟಿಸಿದರೆ ಅದರ ಕೆಳಗಿನದೆಲ್ಲವೂ ಒಟ್ಟಿಗೆ ಮರಗಟ್ಟಿ, ನೋವು ಮಣಿಕಟ್ಟಿನಲ್ಲಿತ್ತೋ ಗೊರಸಿನಲ್ಲಿತ್ತೋ ತಿಳಿಯದೆ ಹೋಗುತ್ತದೆ. ಮೂಳೆ ಬಿರುಕು ಬಿಟ್ಟಿರುವ ಅನುಮಾನವಿದ್ದರೆ ಈ ಪರೀಕ್ಷೆಯನ್ನೇ ಮಾಡುವುದಿಲ್ಲ. ನೋವಿಲ್ಲವೆಂದು ಕುದುರೆ ಪೂರ್ತಿ ಭಾರ ಹಾಕಿದರೆ ಬಿರುಕು ಮುರಿತವಾದೀತು.

ಎಕ್ಸ್‌ರೇ ತೆಗೆದರೆ ಎಲ್ಲ ಬಯಲಾಗುವುದೆಂಬ ನಂಬಿಕೆ ಜನರಲ್ಲಿದೆ. ಹಾಗಾಗುವುದಿಲ್ಲ. ಕೂದಲೆಳೆಯಂಥ ಬಿರುಕು ಮೊದಲ ದಿನದ ಚಿತ್ರದಲ್ಲಿ ಕಾಣದೆ ಹೋಗಬಹುದು. ಬಿರುಕಿನ ಅಂಚಿನ ಮೂಳೆಯನ್ನು ದೇಹವೇ ಕರಗಿಸಿಕೊಂಡು ಗೆರೆ ಅಗಲವಾಗಲು ಹತ್ತು ಹದಿನಾಲ್ಕು ದಿನ ಬೇಕು. ‘ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆಯೋಣ’ ಎಂದು ವೈದ್ಯರು ಹೇಳಿದರೆ ಅದು ಕಾಲಹರಣವಲ್ಲ. ಸ್ನಾಯುರಜ್ಜುಗಳಂತೂ ಎಕ್ಸ್‌ರೇಯಲ್ಲಿ ತೋರುವುದೇ ಇಲ್ಲ. ಅವಕ್ಕೆ ಅಲ್ಟ್ರಾಸೌಂಡ್ ಬೇಕು. ಆರು ಗಂಟೆಯ ಅರ್ಧಾಯುವಿನ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಧಾತುವನ್ನು ರಕ್ತಕ್ಕೆ ಸೇರಿಸಿ, ಮೂಳೆಯಲ್ಲಿ ಎಲ್ಲಿ ಚಟುವಟಿಕೆ ಹೆಚ್ಚಿದೆಯೆಂದು ನೋಡುವ ವಿಧಾನವೂ ಉಂಟು. ಆ ಕುದುರೆಯನ್ನು ವಿಕಿರಣ ತಗ್ಗುವವರೆಗೆ ಪ್ರತ್ಯೇಕವಾಗಿ ಕಟ್ಟಬೇಕು! ನಿಂತ ಕುದುರೆಯ ಪಾದವನ್ನು ಎಂಆರ್‌ಐ ಮಾಡುವ ಯಂತ್ರಗಳು 2000ದ ದಶಕದಲ್ಲಿ ಬಂದವು. ಇಂಥ ಯಂತ್ರಗಳು ಎಲ್ಲ ಊರಿನಲ್ಲೂ ಇಲ್ಲ, ಎಲ್ಲರ ಜೇಬಿಗೂ ಎಟುಕುವುದಿಲ್ಲ.

ಕಾಯುವ ದಿನಗಳ ಕೆಲಸ

ಮೊದಲ ಕೆಲಸ, ಕುದುರೆಗೆ ಕೆಲಸ ಕೊಡದಿರುವುದು. ‘ಸ್ವಲ್ಪ ಓಡಾಡಿಸಿದರೆ ಬಿಸಿಯೇರಿ ಸರಿಹೋಗುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಕಾರಣ ತಿಳಿಯುವವರೆಗೆ ಅದು ಜೂಜು. ದಪ್ಪನಾಗಿ ಹುಲ್ಲು ಹಾಸಿದ ಲಾಯದಲ್ಲಿ ವಿಶ್ರಾಂತಿ ಕೊಡಬೇಕು.

ದುಡಿಮೆ ನಿಂತರೆ ಹುರುಳಿ, ಓಟ್ಸ್‌ನಂಥ ಕಾಳಿನ ಮೇವೂ ಇಳಿಯಬೇಕು. ಹಿಂದೆ ಯುರೋಪಿನಲ್ಲಿ ಗಾಡಿಯ ಕುದುರೆಗಳು ಭಾನುವಾರ ಪೂರ್ತಿ ರಜೆ, ಪೂರ್ತಿ ಕಾಳು ಅನುಭವಿಸಿ ಸೋಮವಾರ ಬೆಳಿಗ್ಗೆ ಗಾಡಿಗೆ ಕಟ್ಟಿದೊಡನೆ ಸೊಂಟ ಸೆಟೆದು ನಿಂತುಬಿಡುತ್ತಿದ್ದವು. ಅದಕ್ಕೆ ‘ಸೋಮವಾರದ ಕಾಯಿಲೆ’ ಎಂದೇ ಹೆಸರು. ಒಣಹುಲ್ಲು, ನೀರು ಮಾತ್ರ ಕಡಿಮೆಯಾಗಬಾರದು. ಕುದುರೆ ಗುಂಪಿನ ಪ್ರಾಣಿ; ದಿನವಿಡೀ ಒಂಟಿಯಾಗಿ ಕಟ್ಟಿದರೆ ಬೇಸರದಿಂದ ಮರ ಕಡಿಯುತ್ತದೆ, ನಿಂತಲ್ಲೇ ತೂಗಾಡುತ್ತದೆ. ಇನ್ನೊಂದು ಕುದುರೆ ಕಣ್ಣಿಗೆ ಬೀಳುವಂತಿದ್ದರೆ ಎಷ್ಟೋ ನೆಮ್ಮದಿ. ಆಡೊಂದು ಜೊತೆಗಿದ್ದರೂ ಸರಿಯೇ.

ಎಲ್ಲಕ್ಕಿಂತ ಕಷ್ಟದ ವಿಷಯ ನೋವಿನ ಮದ್ದಿನದು. ನರಳುವ ಪ್ರಾಣಿಯನ್ನು ನೋಡಿ ಮನೆಯಲ್ಲಿ ಉಳಿದಿದ್ದ ಪುಡಿಯನ್ನೋ ಚುಚ್ಚುಮದ್ದನ್ನೋ ಕೊಟ್ಟುಬಿಡಬೇಕೆನಿಸುವುದು ಮನುಷ್ಯ ಸ್ವಭಾವ. ಆದರೆ ಮರುದಿನ ವೈದ್ಯರು ಬಂದಾಗ ಕುದುರೆ ಚೆನ್ನಾಗಿ ನಡೆದರೆ ಅವರು ಹುಡುಕುವುದೇನನ್ನು? ನೋವಿಲ್ಲವೆಂದು ಕುಣಿದ ಕುದುರೆ ಪೆಟ್ಟನ್ನು ಹೆಚ್ಚಿಸಿಕೊಳ್ಳಲೂಬಹುದು. ಹಾಗೆಂದು ತೀವ್ರ ನೋವಿನಲ್ಲಿ ಬಿಡುವುದೂ ಕ್ರೌರ್ಯ. ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ ಔಷಧ, ಹೇಳಿದಷ್ಟೇ ಪ್ರಮಾಣದಲ್ಲಿ ಕೊಟ್ಟು ಹೊತ್ತನ್ನು ಬರೆದಿಡುವುದು ಸರಿಯಾದ ದಾರಿ.

ಈ ಬರೆದಿಡುವ ಕೆಲಸ ಮನೆಯ ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಎರಡು ಹೊತ್ತು ಜ್ವರ ನೋಡಬೇಕು. ಆರೋಗ್ಯವಂತ ಕುದುರೆಯ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44. ನಾಲ್ಕೂ ಗೊರಸುಗಳನ್ನು ಅಂಗೈಯಿಂದ ಮುಟ್ಟಿ ಯಾವುದು ಹೆಚ್ಚು ಬಿಸಿಯೆಂದು ಹೋಲಿಸಬೇಕು. ಗೊರಸಿನ ಮೇಲಿನ ಗೆಣ್ಣಿನ ಎರಡು ಬದಿಗಳಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸಾಮಾನ್ಯವಾಗಿ ಅದು ಮೆಲ್ಲಗಿರುತ್ತದೆ, ಗೊರಸಿನಲ್ಲಿ ಉರಿಯೂತವಿದ್ದರೆ ಸುತ್ತಿಗೆಯಂತೆ ಬಡಿಯುತ್ತದೆ. ಮಳೆ ಬಂದ ದಿನ ಹೇಗಿತ್ತು, ತಿರುವಿನಲ್ಲಿ ಯಾವ ಕಡೆಗೆ ಕಷ್ಟಪಟ್ಟಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಇವೆಲ್ಲ ದಿನಾಂಕದೊಡನೆ ಇರಲಿ. ‘ಮೊದಲಿಗಿಂತ ವಾಸಿ’ ಎಂಬ ನೆನಪಿನ ಮಾತು ಬಹಳ ಸಲ ಆಸೆಯ ಮಾತಾಗಿರುತ್ತದೆ.

ಸರಿಯಿರುವ ಎದುರುಕಾಲನ್ನೂ ದಿನವೂ ನೋಡಬೇಕೆಂಬುದು ಅನೇಕರಿಗೆ ಹೊಳೆಯುವುದಿಲ್ಲ. 2006ರ ಮೇ ತಿಂಗಳಲ್ಲಿ ಅಮೆರಿಕದ ಪ್ರೀಕ್‌ನೆಸ್ ಪಂದ್ಯದಲ್ಲಿ ಬಾರ್ಬರೊ ಎಂಬ ಹೆಸರಾಂತ ಕುದುರೆಯ ಹಿಂಬಲಗಾಲು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಮೂಳೆ ಜೋಡಿಸಿದರು. ಆದರೆ ಭಾರವನ್ನೆಲ್ಲ ಹೊತ್ತ ಹಿಂದಿನ ಎಡಗಾಲಿನ ಗೊರಸಿಗೆ ಲ್ಯಾಮಿನೈಟಿಸ್ ಬಂತು. ಗೊರಸನ್ನೂ ಒಳಗಿನ ಮೂಳೆಯನ್ನೂ ಹಿಡಿದಿಡುವ ಪದರಗಳು ಸಡಿಲುವ ಕಾಯಿಲೆ ಅದು. ಅದೇ ಮುಂದೆ ಮುಂಗಾಲುಗಳಿಗೂ ಹಬ್ಬಿ, 2007ರ ಜನವರಿ 29ರಂದು ಆ ಕುದುರೆಗೆ ದಯಾಮರಣ ಕೊಡಬೇಕಾಯಿತು.

ಇನ್ನು ಸಲಹೆಗಳ ಸುರಿಮಳೆ! ಒಬ್ಬರು ಎಣ್ಣೆ, ಒಬ್ಬರು ಲೇಪ, ಮತ್ತೊಬ್ಬರು ಬರೆ ಎನ್ನುತ್ತಾರೆ. ನಮ್ಮ ಅಶ್ವವೈದ್ಯ ಪರಂಪರೆ ಬಲು ಹಳೆಯದು. ಶಾಲಿಹೋತ್ರನ ಹೆಸರಿನಿಂದಲೇ ಉತ್ತರ ಭಾರತದಲ್ಲಿ ಕುದುರೆ ವೈದ್ಯನನ್ನು ಸಾಲೋತ್ರಿ ಎನ್ನುತ್ತಿದ್ದರು. ಹಳೆಯದೆಲ್ಲ ತಪ್ಪಲ್ಲ, ಹಳೆಯದೆಂಬ ಕಾರಣಕ್ಕೆ ಸರಿಯೂ ಅಲ್ಲ. ಕಾದ ಕಬ್ಬಿಣದಿಂದ ಕುದುರೆಯ ಕಾಲಿಗೆ ಬರೆ ಹಾಕುವುದು ಇಂಗ್ಲೆಂಡಿನಲ್ಲೂ ರೂಢಿಯಲ್ಲಿತ್ತು. 1983ರಲ್ಲಿ ಅಲ್ಲಿ ಪ್ರಕಟವಾದ ಅಧ್ಯಯನ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಬರೆ ಹಾಕಿದ ಕುದುರೆಗೆ ತಿಂಗಳುಗಟ್ಟಲೆ ವಿಶ್ರಾಂತಿಯೂ ಸಿಗುತ್ತದೆ. ಗುಣ ಕಂಡಾಗ ಕೀರ್ತಿಯೆಲ್ಲ ಬರೆಗೆ ಹೋಗುತ್ತಿತ್ತು! ಒಂದೇ ದಿನ ಲಾಳ ಬದಲಿಸಿ, ಮೇವು ಬದಲಿಸಿ, ಲೇಪವನ್ನೂ ಹಚ್ಚಿದರೆ ಯಾವುದರಿಂದ ಏನಾಯಿತೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ.

ಎರಡು ಕುದುರೆಗಳು

ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿಗಳ ವಂಶದ್ದು. ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. 1966ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಕೆಂಪ್ಟನ್ ಪಾರ್ಕಿನ ಪಂದ್ಯದಲ್ಲಿ ಆರ್ಕಲ್ ಎಂಬ ಐರಿಷ್ ಕುದುರೆ ಗೊರಸಿನೊಳಗಿನ ಮೂಳೆ ಮುರಿದುಕೊಂಡೂ ಓಟ ಬಿಡದೆ ಎರಡನೆಯದಾಗಿ ಗುರಿ ಮುಟ್ಟಿತು. ಮತ್ತೆಂದೂ ಅದು ಪಂದ್ಯಕ್ಕೆ ಇಳಿಯಲಿಲ್ಲ. ಚೆನ್ನಾಗಿ ಓಡಿತು ಎಂದಮಾತ್ರಕ್ಕೆ ಕಾಲು ಚೆನ್ನಾಗಿದೆ ಎನ್ನಲಾಗದು.

ರೆಡ್ ರಮ್‌ನ ಕಥೆ ಬೇರೆ ತೆರನಾದದ್ದು. ಸೀಗಡಿ ಹಿಡಿಯುವವರ ಗಾಡಿ ಎಳೆಯುತ್ತಿದ್ದ ಕುಂಟು ಕುದುರೆಗಳು ಕಡಲ ನೀರಿನಲ್ಲಿ ನಡೆದು ಚೇತರಿಸಿಕೊಳ್ಳುತ್ತಿದ್ದುದನ್ನು ಮ್ಯಾಕೇನ್ ಹುಡುಗನಾಗಿದ್ದಾಗ ನೋಡಿದ್ದರಂತೆ. ತಮ್ಮ ಕುದುರೆಯನ್ನೂ ಸಮುದ್ರಕ್ಕಿಳಿಸಿ ನಡೆಸಿದರು. ಅದಕ್ಕಿದ್ದದ್ದು ಪೆಡಲ್ ಆಸ್ಟಿಐಟಿಸ್, ಅಂದರೆ ಗೊರಸಿನೊಳಗಿನ ಮೂಳೆಯ ಉರಿಯೂತ. ಕೊಳ್ಳುವ ಮೊದಲೇ ಅದು ಇತ್ತು. ಮ್ಯಾಕೇನ್ ಅವರಿಗೆ ತಿಳಿದಿರಲಿಲ್ಲ. ತಣ್ಣೀರು ಉರಿಯೂತವನ್ನು ತಗ್ಗಿಸುತ್ತದೆ, ಆಳದ ನೀರು ದೇಹದ ಭಾರವನ್ನು ಹೊರುತ್ತದೆ, ಒದ್ದೆ ಮರಳು ಗಟ್ಟಿ ನೆಲದಂತೆ ಕುಕ್ಕುವುದಿಲ್ಲ. ಇವೆಲ್ಲ ಭೌತವಿಜ್ಞಾನಕ್ಕೆ ಒಪ್ಪುವ ಮಾತುಗಳೇ. ಆದರೆ ಒಂದು ಕುದುರೆಗೆ ಒದಗಿದ ಅದೃಷ್ಟವನ್ನು ಎಲ್ಲ ಕುದುರೆಗಳ ಔಷಧವೆಂದು ಬಗೆಯಬಾರದು. ಬಿರುಕುಬಿಟ್ಟ ಮೂಳೆಯ ಕುದುರೆಯನ್ನು ಹೀಗೆ ಅಲೆಗಳಲ್ಲಿ ನಡೆಸಿದ್ದರೆ ಫಲ ಬೇರೆಯೇ ಆಗುತ್ತಿತ್ತು.

ರೆಡ್ ರಮ್ 1973ರಲ್ಲಿ 9 ನಿಮಿಷ 1.9 ಸೆಕೆಂಡುಗಳ ಆಗಿನ ದಾಖಲೆಯೊಡನೆ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಆಗ ಅದು ಸುಮಾರು 7.2 ಕಿಲೋಮೀಟರ್ ದೂರ, 30 ಬೇಲಿಗಳನ್ನು ಹಾರುವ ಪಂದ್ಯವಾಗಿತ್ತು. 1974ರಲ್ಲಿ ಮತ್ತೆ ಗೆದ್ದಿತು, 1975 ಮತ್ತು 1976ರಲ್ಲಿ ಎರಡನೆಯದಾಯಿತು, 1977ರಲ್ಲಿ ಮೂರನೆಯ ಸಲ ಗೆದ್ದಿತು. 1978ರ ಪಂದ್ಯದ ಹಿಂದಿನ ದಿನ ಮತ್ತೆ ಕುಂಟಿತು. ಈ ಸಲ ಕಂಡದ್ದು ಕೂದಲೆಳೆ ಬಿರುಕು. ಆಗ ಯಾರೂ ಅದನ್ನು ಸಮುದ್ರಕ್ಕಿಳಿಸಿ ಪಂದ್ಯಕ್ಕೆ ಸಜ್ಜುಮಾಡಲು ಹೋಗಲಿಲ್ಲ. ಓಟದಿಂದ ನಿವೃತ್ತಿ ಕೊಟ್ಟರು. 1995ರವರೆಗೆ, ಮೂವತ್ತು ವರ್ಷ, ಅದು ಬದುಕಿತು.

ಕಾಯಬಾರದ ಸಂದರ್ಭಗಳೂ ಇವೆ. ಕಾಲನ್ನು ನೆಲಕ್ಕೆ ತಾಗಿಸಲೂ ಆಗದಿದ್ದರೆ, ಕೀಲಿನ ಹತ್ತಿರ ಗಾಯವಾಗಿ ಜಿಗುಟಾದ ಹಳದಿ ದ್ರವ ಒಸರಿದರೆ, ಜ್ವರ ಏರಿದರೆ, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತರೆ ನಾಳೆಯ ಮಾತೇ ಇಲ್ಲ, ಆ ಗಳಿಗೆಯಲ್ಲೇ ವೈದ್ಯರು ಬೇಕು. ಬೆಂಗಳೂರಿನ ಸುತ್ತಮುತ್ತಲಿನವರಿಗೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಉಳಿದ ಸಂದರ್ಭಗಳಲ್ಲಿ, ವೈದ್ಯರು ಬರುವ ದಿನಕ್ಕೆ ಒಂದಿಷ್ಟು ಸಿದ್ಧತೆ ಇರಲಿ: ಮೂವತ್ತು ನಲವತ್ತು ಹೆಜ್ಜೆ ಓಡಿಸಲು ಗಟ್ಟಿಯಾದ ಸಮತಟ್ಟು ನೆಲ, ಹಗ್ಗ ಸಡಿಲಬಿಟ್ಟು ಕುದುರೆಯ ಪಕ್ಕದಲ್ಲಿ ಓಡಬಲ್ಲ ಒಬ್ಬ ಆಳು, ಮಣ್ಣು ತೊಳೆದು ಒರೆಸಿದ ಗೊರಸುಗಳು, ಮತ್ತು ದಿನಾಂಕ ಹಾಕಿ ಬರೆದ ಆ ನೋಟ್‌ಬುಕ್.